ಎರಡು ಹಳೆಯ ಆಟಗಳನ್ನು ಒಂದು ಮಾಡಿದ ಬಗೆ: ನನ್ನ ಅನುಭವ

ಒಂದೇ ಪ್ರಕಾಶಕರ ಎರಡು ಹಳೆಯ ಸರಣಿಗಳನ್ನು, ಅಂದರೆ ಓಡಿ ಜಿಗಿದು ಗುಂಡು ಹಾರಿಸುವ ಪ್ಲಾಟ್‌ಫಾರ್ಮ್ ಆಟವೊಂದನ್ನೂ ಇಬ್ಬರು ಎದುರುಬದುರು ನಿಂತು ಕಾದಾಡುವ ಫೈಟಿಂಗ್ ಆಟವೊಂದನ್ನೂ, 8 ಬಿಟ್ ಕಾಲದ (1980ರ ದಶಕದ) ಶೈಲಿಯಲ್ಲಿ ಒಂದುಗೂಡಿಸುವ ಕೆಲಸವನ್ನು ನಾನು 2019ರಲ್ಲಿ ಕೈಗೆತ್ತಿಕೊಂಡಾಗ, ಬೆಂಗಳೂರಿನ ಗೆಳೆಯರೆಲ್ಲರೂ ಹೇಳಿದ್ದು ಒಂದೇ ಮಾತು: ‘ವಕೀಲರ ನೋಟಿಸ್ ಬರುತ್ತದೆ ನೋಡು.’ ಸುಮಾರು ನಾಲ್ಕು ವರ್ಷಗಳ ಮೇಲೆ ಆ ಜಪಾನೀ ಸಂಸ್ಥೆಯ ವಕೀಲರಿಂದ ನನಗೆ ಬಂದದ್ದು ಇಪ್ಪತ್ತೆರಡು ಪುಟಗಳ ಒಪ್ಪಂದಪತ್ರ. ಹಣದ ವಿವರವನ್ನು ಸಂಸ್ಥೆಯ ಹೆಸರಿನೊಡನೆ ಎಲ್ಲಿಯೂ ಬರೆಯಬಾರದೆಂಬ ಷರತ್ತು ಅದರಲ್ಲಿ ಇರುವುದರಿಂದ, ಹೆಸರನ್ನು ಬಿಟ್ಟು ಹಣವನ್ನು ಬರೆಯುತ್ತೇನೆ. ಇದೇ ದಾರಿಯಲ್ಲಿ ನಡೆಯಬೇಕೆಂದಿರುವವರಿಗೆ ಹೆಸರಿಗಿಂತ ಹಣದ ಲೆಕ್ಕವೇ ಉಪಯೋಗಕ್ಕೆ ಬರುತ್ತದೆ.

ನೋಟಿಸಿನ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ‘ಮೆಟ್ರಾಯ್ಡ್’ ಸರಣಿಯ ಎರಡನೆಯ ಆಟವನ್ನು ಅಭಿಮಾನಿಯೊಬ್ಬರು ಸುಮಾರು ಹತ್ತು ವರ್ಷ ದುಡಿದು ಹೊಸದಾಗಿ ಕಟ್ಟಿ 2016ರ ಆಗಸ್ಟ್‌ನಲ್ಲಿ ಜಾಲಕ್ಕೆ ಬಿಟ್ಟಾಗ, ಕೆಲವೇ ದಿನಗಳಲ್ಲಿ ನಿಂಟೆಂಡೊ ಅದನ್ನು ತೆಗೆಸಿಹಾಕಿದ್ದು ನಮಗೆಲ್ಲ ನೆನಪಿತ್ತು. ಆದರೆ ನನ್ನ ಕಣ್ಣು ಇದ್ದದ್ದು 2012ರ ‘ಸ್ಟ್ರೀಟ್ ಫೈಟರ್ ಎಕ್ಸ್ ಮೆಗಾ ಮ್ಯಾನ್’ ಮೇಲೆ. ಸಿಂಗಪುರದ ಸಿಯೋ ಝಾಂಗ್ ಹುಯಿ ತಾವೇ ಕಟ್ಟುತ್ತಿದ್ದ ಆ ಆಟವನ್ನು ಫೈಟಿಂಗ್ ಆಟಗಳ ಇವೊ ಪಂದ್ಯಾವಳಿಯಲ್ಲಿ, ಆ ಎರಡೂ ಸರಣಿಗಳ ಮಾಲೀಕರಾದ ಕ್ಯಾಪ್‌ಕಾಮ್‌ನವರ ಕಣ್ಣಿಗೆ ಬೀಳಿಸಿದರು. ಕಂಪನಿ ಬೆನ್ನಿಗೆ ನಿಂತಿತು. ಮೆಗಾ ಮ್ಯಾನ್ ಹುಟ್ಟಿ ಸರಿಯಾಗಿ 25 ವರ್ಷ ತುಂಬಿದ ಡಿಸೆಂಬರ್ 17ರಂದು ಅದು ಉಚಿತವಾಗಿ ಬಿಡುಗಡೆಯಾಯಿತು. ಈ ಎರಡು ಕಥೆಗಳ ನಡುವಿನ ವ್ಯತ್ಯಾಸವನ್ನು ಗೆಳೆಯರು ಕಂಪನಿಗಳ ಸ್ವಭಾವದಲ್ಲಿ ಕಂಡರು, ನಾನು ಕ್ರಮದಲ್ಲಿ ಕಂಡೆ. ಒಬ್ಬರು ಜಗತ್ತಿಗೆ ತೋರಿಸಿದ ಮೇಲೆ ಮಾಲೀಕರಿಗೆ ಗೊತ್ತಾಯಿತು, ಇನ್ನೊಬ್ಬರು ಬಿಡುಗಡೆಗೆ ಮೊದಲೇ ಮಾಲೀಕರ ಎದುರು ಇಟ್ಟರು. ಹಾಗಾಗಿ ಒಂದೇ ಒಂದು ಚಿತ್ರವನ್ನೂ ಹೊರಗೆ ಹಾಕುವುದಿಲ್ಲವೆಂದು ನಿಯಮ ಮಾಡಿಕೊಂಡೆ. ಎರಡೂ ಸರಣಿಗಳು ಒಬ್ಬರದೇ ಆಗಿರಬೇಕೆಂಬುದೂ ಅದೇ ಲೆಕ್ಕಾಚಾರದ ಭಾಗವಾಗಿತ್ತು. ಇಬ್ಬರು ಮಾಲೀಕರ ಬಾಗಿಲು ತಟ್ಟುವ ಶಕ್ತಿ ನನ್ನಂಥವನಿಗೆ ಇಲ್ಲ.

ಆಟವನ್ನು ಗೇಮ್‌ಮೇಕರ್ ತಂತ್ರಾಂಶದಲ್ಲಿ ಕಟ್ಟಿದ್ದು, ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಚಲಿಸುವ ಪುಟ್ಟ ಚಿತ್ರಗಳನ್ನು, ಎಸ್ಪ್ರೈಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಿಡಿಸಿದ್ದು. ಅವುಗಳ ಬಗ್ಗೆ ಹೇಳುವಂಥ ಹೊಸತೇನೂ ಇಲ್ಲ. ಹೇಳಬೇಕಾದದ್ದು ಮಿತಿಗಳ ವಿಷಯ. 8 ಬಿಟ್ ಕಾಲದ ನಿಂಟೆಂಡೊ ಯಂತ್ರದಲ್ಲಿ ಒಂದು ಸ್ಪ್ರೈಟ್‌ಗೆ ಪಾರದರ್ಶಕವನ್ನು ಬಿಟ್ಟರೆ ಮೂರೇ ಬಣ್ಣ, ಒಂದು ಅಡ್ಡ ಸಾಲಿನಲ್ಲಿ ಎಂಟೇ ಸ್ಪ್ರೈಟ್ ಎಂಬುದನ್ನು ಎಲ್ಲರೂ ಬಲ್ಲರು, ಯಾರೂ ಪಾಲಿಸುವುದಿಲ್ಲ. ನಾನು ಬಣ್ಣದ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದೆ. ಆರೇಳು ಬಣ್ಣದ ಉಡುಗೆ ತೊಟ್ಟ ಕಾದಾಳುಗಳನ್ನು ಮೂರಕ್ಕೆ ಇಳಿಸುವಾಗ ಮೊದಲ ಐದು ಮಂದಿ ಗುರುತೇ ಸಿಗದಂತೆ ಆದರು. ಮುಖಕ್ಕೆ ಮಾತ್ರ ಬೇರೊಂದು ಸ್ಪ್ರೈಟನ್ನು ಮೇಲೆ ಹೊದಿಸುವ ಹಳೆಯ ಉಪಾಯವನ್ನು ಹಿಡಿದ ಮೇಲೆ ಅವರಿಗೆ ಜೀವ ಬಂತು. ಯಾವ ಬಣ್ಣವನ್ನು ಬಿಡಬೇಕೆಂದು ನಿರ್ಧರಿಸುವುದಕ್ಕೆ ನನ್ನದೇ ಆದ ಒಂದು ಕ್ರಮವಿದೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಎಂಟು ಸ್ಪ್ರೈಟ್‌ಗಳ ಮಿತಿಯನ್ನೂ, ಅದು ಮೀರಿದಾಗ ಆಗುತ್ತಿದ್ದ ಮಿನುಗನ್ನೂ ಯಥಾವತ್ತಾಗಿ ತರಲು ಎರಡು ತಿಂಗಳು ಕಳೆದೆ. ಹಳೆಯ ಟಿವಿಯಲ್ಲಿ ಅದು ಸಹ್ಯವಾಗಿತ್ತು, ಎಲ್‌ಸಿಡಿ ಪರದೆಯಲ್ಲಿ ಅಕ್ಕನ ಮಗನಿಗೆ ಹತ್ತೇ ನಿಮಿಷದಲ್ಲಿ ತಲೆನೋವು ತಂದಿತು. ಕಿತ್ತುಹಾಕಿದೆ.

ಪರದೆಯ ಅಳತೆಯಲ್ಲಿಯೂ ಪೆಟ್ಟು ತಿಂದೆ. ನನ್ನ ಚಿತ್ರದ ಅಳತೆ ಹಳೆಯ ಯಂತ್ರದ್ದೇ, 256 ಅಗಲ, 240 ಎತ್ತರ. ಇಂದಿನ 1080 ಸಾಲುಗಳ ಪರದೆಯನ್ನು ತುಂಬಲು ಅದನ್ನು ನಾಲ್ಕೂವರೆ ಪಟ್ಟು ಹಿಗ್ಗಿಸಿದೆ. ಅರ್ಧ ಪಟ್ಟು ಎಂಬುದು ಪಿಕ್ಸೆಲ್‌ಗಳ ಲೋಕದಲ್ಲಿ ಇಲ್ಲದ ಕಾರಣ ಕೆಲವು ಸಾಲು ದಪ್ಪ, ಕೆಲವು ತೆಳುವಾಗಿ, ಪರದೆ ಸರಿಯುವಾಗ ನೆಲವೆಲ್ಲ ನೀರಿನಂತೆ ಅಲುಗಾಡುತ್ತಿತ್ತು. ಕೊನೆಗೆ ನಾಲ್ಕು ಪಟ್ಟಿಗೆ ನಿಲ್ಲಿಸಿ ಮೇಲೆ ಅರವತ್ತು, ಕೆಳಗೆ ಅರವತ್ತು ಸಾಲು ಕಪ್ಪು ಬಿಟ್ಟೆ. ಈ ಪಾಠಕ್ಕೆ ಮುನ್ನ ಹಿನ್ನೆಲೆ ಚಿತ್ರಗಳಿಗಾಗಿ ಕಲಾವಿದರೊಬ್ಬರಿಗೆ ಸುಮಾರು 35 ಸಾವಿರ ರೂಪಾಯಿ ಕೊಟ್ಟಾಗಿತ್ತು. ಅವು ಅಗಲ ಪರದೆಗೆಂದು ಬರೆದವಾದ್ದರಿಂದ ಒಂದೂ ಬಳಕೆಗೆ ಬರಲಿಲ್ಲ. ತಪ್ಪು ಅವರದಲ್ಲ, ಅಳತೆ ಹೇಳಿದವನು ನಾನು.

ಇಡೀ ಕೆಲಸದ ತಿರುಳು ಇದ್ದದ್ದು ಬಾಸ್‌ಗಳಲ್ಲಿ, ಅಂದರೆ ಹಂತದ ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರುಗಳಲ್ಲಿ. ಆರು ಬಟನ್‌ಗಳಿಂದ ಆಡಿಸುತ್ತಿದ್ದ ಕಾದಾಳುವನ್ನು, ಜಿಗಿಯುವುದು ಮತ್ತು ಗುಂಡು ಹಾರಿಸುವುದು ಮಾತ್ರ ಬಲ್ಲ ನಾಯಕನ ಎದುರಿಗೆ ನಿಲ್ಲಿಸಿದರೆ ಅದು ಹೋರಾಟವಾಗುವುದಿಲ್ಲ, ಶಿಕ್ಷೆಯಾಗುತ್ತದೆ. ಮೊದಲ ಕರಡಿನಲ್ಲಿ ಮೂಲ ಆಟದ ಹೊಡೆತಗಳ ವೇಗವನ್ನು ಹಾಗೆಯೇ ಇಟ್ಟಿದ್ದೆ. ಐದಾರು ಫ್ರೇಮ್‌ಗಳಲ್ಲಿ (ಒಂದು ಫ್ರೇಮ್ ಎಂದರೆ ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ) ಬರುವ ಒದೆತವನ್ನು ಕಂಡು ತಪ್ಪಿಸಿಕೊಳ್ಳುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಪ್ರತಿ ಹೊಡೆತಕ್ಕೂ ಮುನ್ನ ಕನಿಷ್ಠ 18, ದೊಡ್ಡ ಹೊಡೆತಕ್ಕೆ 24 ಫ್ರೇಮ್‌ಗಳ ಮುನ್ಸೂಚನೆ ಇರಬೇಕೆಂದು ನಿಗದಿಪಡಿಸಿದ ಮೇಲೆ ಎಂಟರಲ್ಲಿ ಏಳು ಬಾಸ್‌ಗಳು ದಾರಿಗೆ ಬಂದರು.

ಎಂಟನೆಯವನು ಮಲ್ಲ. ಅವನ ಬಲವೆಲ್ಲ ಹಿಡಿತದಲ್ಲಿ. ಎದ್ದುಬಿದ್ದು ಓಡುವ ನಾಯಕನನ್ನು ಅವನು ಬಾಚಿ ಹಿಡಿದರೆ ಬಿಡಿಸಿಕೊಳ್ಳಲು ಬಟನ್ನೇ ಇಲ್ಲ. ಹಿಡಿಯಲು ಬರುವ ಮುನ್ಸೂಚನೆಯನ್ನು ಕಣ್ಣಿಗೆ ತೋರಿಸಿದರೆ ಆಟಗಾರರು ಅದನ್ನು ಬೇರೆ ಹೊಡೆತದೊಡನೆ ಗೊಂದಲ ಮಾಡಿಕೊಳ್ಳುತ್ತಿದ್ದರು. ಆರು ತಿಂಗಳು ಅವನನ್ನು ಆಟದಿಂದಲೇ ಹೊರಗಿಟ್ಟಿದ್ದೆ. ಪರಿಹಾರ ಹೊಳೆದದ್ದು ನಾನು ಚಿಕ್ಕಂದಿನಲ್ಲಿ ತಾತನ ಜೊತೆ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ನೋಡಿದ ದಸರಾ ಕುಸ್ತಿಯನ್ನು ನೆನೆದಾಗ. ಪೈಲ್ವಾನರು ಕೈ ಹಾಕುವ ಮುನ್ನ ತೊಡೆ ತಟ್ಟುತ್ತಾರೆ. ಆ ಸದ್ದು ದೂರದ ಸಾಲಿನಲ್ಲಿ ಕುಳಿತವರಿಗೂ ಕೇಳುತ್ತದೆ. ನನ್ನ ಮಲ್ಲನೂ ಹಿಡಿಯಲು ನುಗ್ಗುವ ಮುನ್ನ ಎರಡು ಬಾರಿ ತೊಡೆ ತಟ್ಟುವಂತೆ ಮಾಡಿ, ಆ ಸದ್ದಿಗೆ ಗದ್ದಲದ ಚಾನೆಲ್ಲನ್ನು (ತಾಳವಾದ್ಯ ನುಡಿಯುವ ಧ್ವನಿಮಾರ್ಗವನ್ನು) ಪೂರ್ತಿಯಾಗಿ ಬಿಟ್ಟುಕೊಟ್ಟೆ, ಅಂದರೆ ಆ ಗಳಿಗೆಯಲ್ಲಿ ಹಿನ್ನೆಲೆಯ ತಾಳವಾದ್ಯ ನಿಂತುಹೋಗುತ್ತದೆ. ತಾಳ ತಪ್ಪಿದ್ದನ್ನು ಕಿವಿ ಕಣ್ಣಿಗಿಂತ ಬೇಗ ಹಿಡಿಯುತ್ತದೆ. ಸಂಗೀತ ಮಾಡಿಕೊಟ್ಟ ಹುಬ್ಬಳ್ಳಿಯ ಗೆಳೆಯ ಇದನ್ನು ಕೇಳಿ ಮೊದಲು ಸಿಟ್ಟಾದ: ‘ಇರೋವು ನಾಕ ಚಾನೆಲ್, ಅದರಾಗ ಒಂದು ನೀನ ಕಸಗೊಂಡರ ನಾ ಏನ್ ಬಾರಿಸಲಿ ದೋಸ್ತ?’ ಆಡಿ ನೋಡಿದ ಮೇಲೆ ಸುಮ್ಮನಾದ. ಈಗ ಆಟದಲ್ಲಿ ಎಲ್ಲರೂ ಹೊಗಳುವುದು ಆ ಬಾಸನ್ನೇ, ಮತ್ತು ಆ ಹೊಗಳಿಕೆ ನ್ಯಾಯವಾದದ್ದೇ ಎಂದು ನಾನೂ ಒಪ್ಪುತ್ತೇನೆ.

ಪ್ರಕಾಶಕರಿಗೆ ಮೂರು ಬಾರಿ ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. 2022ರಲ್ಲಿ ಹೈದರಾಬಾದಿನಲ್ಲಿ ನಡೆದ ಆಟ ತಯಾರಕರ ಸಮ್ಮೇಳನಕ್ಕೆ ಅವರ ಪ್ರತಿನಿಧಿಯೊಬ್ಬರು ಬರುತ್ತಾರೆಂದು ತಿಳಿದು, ರಾತ್ರಿ ಬಸ್ಸಿನಲ್ಲಿ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಪಾಸು, ಬಸ್ಸು, ವಸತಿ ಎಲ್ಲ ಸೇರಿ 14 ಸಾವಿರದಷ್ಟು ಆಯಿತು. ಸಿಕ್ಕಿದ್ದು ಹದಿನೈದು ನಿಮಿಷ. ಇಡೀ ಆಟವನ್ನು ತೋರಿಸಬೇಕೆಂದು ಗೆಳೆಯರು ಹೇಳಿದ್ದರು. ನಾನು ಒಂದು ಹಂತ, ಒಬ್ಬ ಬಾಸ್, ಅಂದರೆ ಮಲ್ಲನನ್ನು ಮಾತ್ರ ತೋರಿಸಿದೆ. ಪರಿಚಯದ ಮಾತೂ ಆಡಲಿಲ್ಲ, ಗೇಮ್‌ಪ್ಯಾಡನ್ನು ಅವರ ಕೈಗಿಟ್ಟೆ. ಅವರು ಹನ್ನೊಂದು ಬಾರಿ ಸೋತು, ಹನ್ನೆರಡನೆಯ ಬಾರಿ ತೊಡೆ ತಟ್ಟಿದ ಸದ್ದು ಕೇಳಿದೊಡನೆ ಜಿಗಿದು ಗೆದ್ದರು. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು, ನನ್ನ ನಂತರದವರು ಹೊರಗೆ ಶಪಿಸುತ್ತ ನಿಂತಿದ್ದರು. ‘ಇದನ್ನು ಎಲ್ಲಿಯಾದರೂ ಹಾಕಿದ್ದೀರಾ?’ ಎಂಬುದು ಅವರ ಮೊದಲ ಪ್ರಶ್ನೆ. ಇಲ್ಲವೆಂದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು, ನನ್ನ ಕ್ರಮವನ್ನು ಅನುಮಾನಿಸಿದ ಪ್ರತಿಯೊಬ್ಬರಿಗೂ ತೋರಿಸಬೇಕಿತ್ತು.

ಅಲ್ಲಿಯ ತನಕ ನನ್ನ ಕೈಯಿಂದ ಹೋದದ್ದು ಒಟ್ಟು ಒಂದು ಲಕ್ಷದ ನಲವತ್ತು ಸಾವಿರದ ಆಸುಪಾಸು: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 38 ಸಾವಿರ, ಹನ್ನೊಂದು ರಾಗಗಳಿಗೆ ತಲಾ ನಾಲ್ಕು ಸಾವಿರದಂತೆ 44 ಸಾವಿರ, ಬಗೆಬಗೆಯ ಗೇಮ್‌ಪ್ಯಾಡ್‌ಗಳಿಗೆ ಒಂಬತ್ತು ಸಾವಿರ, ಉಳಿದದ್ದು ಮೇಲೆ ಹೇಳಿದ ವ್ಯರ್ಥ ಮತ್ತು ಪ್ರಯಾಣ. ಪ್ರಕಾಶಕರು ಕೊಟ್ಟದ್ದು ಮೂರು ಕಂತುಗಳಲ್ಲಿ ಸುಮಾರು ಆರು ಲಕ್ಷ. ಒಂದೂವರೆ ಲಕ್ಷದ ಮೊದಲ ಕಂತಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕಡಿತವಾಗಿ ಬಂದಾಗ ಬ್ಯಾಂಕಿನವರ ಮೇಲೆ ಕೂಗಾಡಿದೆ, ಆದರೆ ಅದು ಜಪಾನಿನ ಮೂಲದಲ್ಲೇ ಹಿಡಿದ ತೆರಿಗೆ, ಶೇಕಡ 20.42. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದು ಶೇಕಡ 10ಕ್ಕೆ ಇಳಿಯುತ್ತದೆ, ಆದರೆ ಹಣ ಬರುವುದಕ್ಕೆ ಮೊದಲೇ ನಮ್ಮ ಆದಾಯ ತೆರಿಗೆ ಇಲಾಖೆಯಿಂದ ವಾಸಸ್ಥಳದ ಪ್ರಮಾಣಪತ್ರ ಪಡೆದು ಕಳಿಸಿರಬೇಕಿತ್ತು. ಆಗ ಅರ್ಜಿ ಫಾರ್ಮ್ 10ಎಫ್‌ಎ, ಸಿಗುತ್ತಿದ್ದುದು 10ಎಫ್‌ಬಿ. ಕಂತು ಕೈಸೇರುವ ಮೊದಲು ಒಬ್ಬ ಲೆಕ್ಕಪರಿಶೋಧಕರನ್ನು ಕಂಡಿದ್ದರೆ ಅವರ ಶುಲ್ಕ ಕಳೆದೂ ನನಗೆ ಹಣ ಉಳಿಯುತ್ತಿತ್ತು. ಖರ್ಚು ಕಳೆದು ಉಳಿದದ್ದನ್ನು ನಾಲ್ಕು ಸಾವಿರ ಗಂಟೆಗಳ ದುಡಿಮೆಗೆ ಭಾಗಿಸಿದರೆ ಗಂಟೆಗೆ ನೂರು ರೂಪಾಯಿ ಚಿಲ್ಲರೆ ಬೀಳುತ್ತದೆ. ಹಣಕ್ಕಾಗಿ ಈ ದಾರಿ ಹಿಡಿಯಬೇಕೆಂದಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಬೆಂಬಲದಲ್ಲಿ ಹಣಕ್ಕಿಂತ ಬೆಲೆಬಾಳಿದ್ದು ಅವರ ಪರೀಕ್ಷಾ ತಂಡ. ಮೊದಲ ಸುತ್ತಿನಲ್ಲಿಯೇ ಮುನ್ನೂರಕ್ಕೂ ಮೇಲ್ಪಟ್ಟು ದೋಷಗಳು. ತಾತ್ಕಾಲಿಕವೆಂದು ಮೂಲ ಆಟದಿಂದಲೇ ಎತ್ತಿ ಹಾಕಿ ಮರೆತಿದ್ದ ಎರಡು ಸದ್ದುಗಳನ್ನು ಒಬ್ಬಾತ ಕಿವಿಯಿಂದಲೇ ಪತ್ತೆ ಹಚ್ಚಿದ. ಅದರಿಂದಾಗಿ ಒಂದು ಸಂಜೆ ಇಡೀ ಒಪ್ಪಂದವೇ ಅಲುಗಾಡಿತು. ಬಾಸ್‌ಗೆ ಏಟು ಬಿದ್ದಾಗ ಪರದೆ ಸೆಕೆಂಡಿಗೆ ಹದಿನೈದು ಬಾರಿ ಬೆಳ್ಳಗೆ ಹೊಳೆಯುತ್ತಿದ್ದುದನ್ನು, ಮೂರ್ಛೆರೋಗವಿರುವವರಿಗೆ ಅಪಾಯವೆಂದು, ಮೂರಕ್ಕಿಂತ ಕೆಳಗೆ ಇಳಿಸಬೇಕಾಯಿತು. ಆಟವನ್ನು ನಡುವೆ ಉಳಿಸಿಕೊಳ್ಳುವ ಸೌಲಭ್ಯದಲ್ಲಿ ಮಾತ್ರ ಅವರಿಗೆ ದೋಷ ಸಿಗಲಿಲ್ಲ, ಏಕೆಂದರೆ ಕ್ಯಾಪ್‌ಕಾಮ್‌ನ ಆ 2012ರ ಆಟ ಮೊದಲು ಬಂದಾಗ ಅದೊಂದು ಇಲ್ಲದೆ ಎಂಟು ಬಾಸ್‌ಗಳನ್ನು ಒಂದೇ ಕೂರಿನಲ್ಲಿ ಮುಗಿಸಬೇಕಾಗಿ ಬಂದು ನಾನೇ ಬೈದುಕೊಂಡಿದ್ದೆ. ಮುಂದಿನ ತಿಂಗಳು ಕ್ಯಾಪ್‌ಕಾಮ್‌ನವರು ಅದನ್ನು ಸೇರಿಸಿದರು; ನನ್ನ ಆಟಕ್ಕೆ ನಾನು ಅದನ್ನು ಮೊದಲ ವಾರವೇ ಬರೆದಿಟ್ಟಿದ್ದೆ.

ಆ ತಂಡ ಎತ್ತಿದ ಒಂದು ಆಕ್ಷೇಪಣೆ ನನ್ನನ್ನು ಎರಡು ವಾರ ನಿದ್ದೆಗೆಡಿಸಿತು. ‘ನಾಯಕನು ನೀರಿನೊಳಗೆ ಇರುವವನಂತೆ ಜಿಗಿಯುತ್ತಾನೆ’ ಎಂದು ನಾಲ್ಕು ಮಂದಿ ಬೇರೆ ಬೇರೆಯಾಗಿ ಬರೆದಿದ್ದರು. ನನ್ನ ಜಿಗಿತದ ಎತ್ತರ ಮೂರು ಇಟ್ಟಿಗೆ, ಅಂದರೆ 48 ಪಿಕ್ಸೆಲ್. ಏರುವ ವೇಗ ಫ್ರೇಮಿಗೆ 4 ಪಿಕ್ಸೆಲ್, ಕೆಳಗೆಳೆಯುವ ಗುರುತ್ವ 0.17ರ ಸುಮಾರು, ಏರಿ ಇಳಿಯಲು 48 ಫ್ರೇಮ್. ಈ ಅಂಕಿಗಳನ್ನು ನಾನು ಯಾವ ಪುಸ್ತಕದಿಂದಲೂ ತೆಗೆದಿರಲಿಲ್ಲ, ಬಾಲ್ಯದ ಕೈಯ ನೆನಪಿನಿಂದ ಹೊಂದಿಸಿದ್ದೆ. ಆ ನೆನಪು ತಪ್ಪಾಗಲು ಸಾಧ್ಯವೇ ಇಲ್ಲವೆಂಬ ಹಟದಲ್ಲಿ ಅಟ್ಟದ ಮೇಲಿಂದ ಹಳೆಯ ಲಿಟಲ್ ಮಾಸ್ಟರ್ ಪೆಟ್ಟಿಗೆಯನ್ನೂ (ಆ ನಿಂಟೆಂಡೊ ಯಂತ್ರದ ನಕಲು) ಆಟದ ಕ್ಯಾಸೆಟ್‌ಗಳನ್ನೂ ಇಳಿಸಿ, ಹಳೆಯ ಟಿವಿಗೆ ಜೋಡಿಸಿ, ಮೊಬೈಲಿನಲ್ಲಿ ಚಿತ್ರಿಸಿ ಎಣಿಸಿದೆ. ನೆನಪು ಸರಿಯಾಗಿಯೇ ಇತ್ತು. ನಮ್ಮ ದೇಶದ ಆಗಿನ ಟಿವಿಗಳು 50 ಹರ್ಟ್ಸ್‌ನವು, ಅಂದರೆ ಸೆಕೆಂಡಿಗೆ 50 ಫ್ರೇಮ್ ತೋರಿಸುತ್ತಿದ್ದವು, ಜಪಾನಿನವು 60. ಅಲ್ಲಿ 40 ಫ್ರೇಮಿನ ಜಿಗಿತ ಸೆಕೆಂಡಿನ ಮೂರರಲ್ಲಿ ಎರಡು ಭಾಗದಲ್ಲಿ ಮುಗಿದರೆ, ಅದೇ ಜಿಗಿತ ನಮ್ಮ ಮನೆಯಲ್ಲಿ 0.8 ಸೆಕೆಂಡ್ ಹಿಡಿಯುತ್ತಿತ್ತು. ನಾವು ಬೆಳೆದದ್ದೇ ಆರರಲ್ಲಿ ಒಂದು ಪಾಲು ನಿಧಾನವಾದ ಆಟಗಳನ್ನು ಆಡಿಕೊಂಡು. ಕೇಳಿ ಬಾಯಿಪಾಠವಾಗಿದ್ದ ರಾಗಗಳೂ ಹಾಗೆಯೇ.

ಏರುವ ವೇಗವನ್ನು 4.9ಕ್ಕೂ ಗುರುತ್ವವನ್ನು 0.25ಕ್ಕೂ ತಂದು, ಓಟವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿದ್ದರಿಂದ ಹಳ್ಳಗಳ ಅಗಲವನ್ನು ಮುಟ್ಟಬೇಕಾಗಲಿಲ್ಲ. ಶತ್ರುಗಳ ನಡೆ ಮತ್ತು ತೇಲುವ ಹಲಗೆಗಳ ಹೊತ್ತನ್ನು ಮಾತ್ರ ಒಂದೊಂದಾಗಿ ತಿದ್ದಲು ಎರಡೂವರೆ ತಿಂಗಳು ಹಿಡಿಯಿತು. ಎಲ್ಲ ಮುಗಿದ ಮೇಲೆ ಪರೀಕ್ಷಾ ತಂಡಕ್ಕೆ ನನ್ನ ಎಣಿಕೆಯ ಪಟ್ಟಿಯನ್ನೂ ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಫೋಟೊವನ್ನೂ ಕಳಿಸಿ, ಹಳೆಯ ವೇಗವನ್ನೂ ಒಂದು ಆಯ್ಕೆಯಾಗಿ ಉಳಿಸಿಕೊಳ್ಳಲು ಅನುಮತಿ ಕೇಳಿದೆ. ಹತ್ತು ದಿನಗಳಲ್ಲಿ ಒಪ್ಪಿಗೆ ಬಂತು. ಬಿಡುಗಡೆಯಾದ ಮೊದಲ ವಾರದಲ್ಲಿ ಆಟವನ್ನು ಇಳಿಸಿಕೊಂಡವರು ಅರವತ್ತು ಸಾವಿರದಷ್ಟು ಮಂದಿ. ಅವರಲ್ಲಿ ಎಷ್ಟು ಜನ ಆ ಆಯ್ಕೆಯನ್ನು ತೆರೆದರೆಂದು ಲೆಕ್ಕವಿಡುವ ಏರ್ಪಾಡನ್ನು ನಾನು ಮಾಡಿರಲಿಲ್ಲ. ಮೆನುವಿನಲ್ಲಿ ಅದರ ಹೆಸರು ‘ಮನೆಯ ಟಿವಿ’.