ನಿಮ್ಮ ರೂಮನ್ನೇ ಕಣ್ಣು ಮಾಡಿ ನೋಡಿ

ಕಣ್ಣು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾ? ಅದರೊಳಗೇ ಹೋಗಿ ಕೂತುಕೊಳ್ಳಿ. ರಸ್ತೆ ಕಡೆ ಕಿಟಕಿ ಇರುವ ರೂಮು, ಫ್ರಿಡ್ಜ್ ಬಂದಿದ್ದಂಥ ದೊಡ್ಡ ರಟ್ಟಿನ ಡಬ್ಬ, ಟೇಪು, ಬಿಳಿ ಪಂಚೆ, ಮನೆಯಲ್ಲಿ ಯಾರದ್ದಾದರೂ ಪ್ಲಸ್ 1 ಪವರಿನ ಚಾಳೀಸು ಇದ್ದರೆ ಸಾಕು.

ಬಿಸಿಲು ಎದುರು ಮನೆ ಮೇಲೆ ಬೀಳಬೇಕು, ನಿಮ್ಮ ಕಿಟಕಿಯೊಳಗೆ ಬರಬಾರದು. ಅಂದರೆ ಕಿಟಕಿ ಪಶ್ಚಿಮಕ್ಕಿದ್ದರೆ ಬೆಳಿಗ್ಗೆ, ಪೂರ್ವಕ್ಕಿದ್ದರೆ ಮಧ್ಯಾಹ್ನ ಮೂರರ ಮೇಲೆ. ಬೆಂಗಳೂರಿನ ಜುಲೈ ಮೋಡದಲ್ಲಿ ಇದು ಆಗುವ ಕೆಲಸವಲ್ಲ, ಜನವರಿ, ಫೆಬ್ರವರಿ ಚೆನ್ನ. ತೂತಿನಿಂದಾಗಲಿ ಗಾಜಿನಿಂದಾಗಲಿ ಸೂರ್ಯನನ್ನು ಮಾತ್ರ ನೋಡಲೇಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಕಿಟಕಿಗೆ ಸಂದಿಲ್ಲದ ಹಾಗೆ ರಟ್ಟು ಅಂಟಿಸಿ, ನಡುವೆ 1 ಸೆಂಟಿಮೀಟರ್ ಅಗಲದ ತೂತು ಮಾಡಿ, ಮೂರು ನಾಲ್ಕು ಅಡಿ ಈಚೆಗೆ ಪಂಚೆ ಕಟ್ಟಿ. ಈಗ ಹತ್ತು ನಿಮಿಷ ಸುಮ್ನೆ ಕೂತಿರಿ. ಇದನ್ನು ಬಿಡಬೇಡಿ. ಕರೆಂಟ್ ಹೋದಾಗ ಮೊದಲು ಏನೂ ಕಾಣದೆ ಆಮೇಲೆ ನಿಧಾನಕ್ಕೆ ಕುರ್ಚಿ, ಬಾಗಿಲು ಕಾಣುತ್ತವೆ ಅಲ್ವಾ, ಹಾಗೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಕಣ್ಣಿಗೆ 20ರಿಂದ 30 ನಿಮಿಷ ಬೇಕು.

ಪಂಚೆ ಮೇಲೆ ಎದುರು ಮನೆ, ತೆಂಗಿನಮರ, ಹೋಗುವ ಆಟೋ, ಎಲ್ಲವೂ ಬಣ್ಣದ ಸಮೇತ, ತಲೆಕೆಳಗಾಗಿ! ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಬೆಳಕು ನೇರವಾಗಿ ಹೋಗುತ್ತದೆ. ಮರದ ತುದಿಯಿಂದ ಹೊರಟಿದ್ದು ತೂತು ದಾಟಿ ಪಂಚೆಯ ಕೆಳಗೆ ಬೀಳುತ್ತದೆ, ಬುಡದ್ದು ಮೇಲೆ. ನಿಮ್ಮ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅದರ ಮೇಲೂ ಚಿತ್ರ ಬೀಳುವುದು ಹೀಗೇ ತಲೆಕೆಳಗಾಗಿ. ಅದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಅರ್ಥ ಮಾಡಿಕೊಳ್ಳುವುದು ಮೆದುಳು.

ಇನ್ನು ತೂತನ್ನು 3 ಸೆಂಟಿಮೀಟರ್‌ಗೆ ಅಗಲಿಸಿ. ಬೆಳಕು ಜಾಸ್ತಿ ಆಯಿತು, ಆದರೆ ಚಿತ್ರವೆಲ್ಲ ಕಲಸಿಹೋಯಿತು. ಈಗ ಚಾಳೀಸಿನ ಒಂದು ಗಾಜನ್ನು ತೂತಿಗೆ ಸರಿಯಾಗಿ ಹಿಡಿದು, ಪಂಚೆಯನ್ನು ಸುಮಾರು 1 ಮೀಟರ್‌ನಲ್ಲಿ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಎಲ್ಲ ಸ್ಪಷ್ಟವಾಗುತ್ತದೆ. ಪವರ್ ಅಂದರೆ ಇದೇ: ದೂರದ ವಸ್ತುವಿನ ಬೆಳಕನ್ನು 1 ಪವರ್ ಒಂದು ಮೀಟರ್‌ನಲ್ಲಿ ಕೂಡಿಸುತ್ತದೆ, 2 ಪವರ್ ಅರ್ಧ ಮೀಟರ್‌ನಲ್ಲಿ. ನಮ್ಮ ಕಣ್ಣುಗುಡ್ಡೆ ಎರಡೂವರೆ ಸೆಂಟಿಮೀಟರ್ ಉದ್ದವೂ ಇಲ್ಲ, ಅದಕ್ಕೇ ಅದಕ್ಕೆ ಸುಮಾರು 60 ಪವರ್ ಬೇಕು.

ಅದರಲ್ಲಿ ಮೂರನೇ ಎರಡು ಪಾಲು ಕೆಲಸ ಮಾಡುವುದು ಕಣ್ಣಿನ ಮುಂದಿನ ತಿಳಿ ಪದರ, ಕಾರ್ನಿಯಾ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಲ್ವರಿಗೆ ದೃಷ್ಟಿ ಕೊಟ್ಟಿದ್ದು ಅವರ ಕಾರ್ನಿಯಾಗಳೇ. ನೇತ್ರದಾನ ಅಂದರೆ ಇಡೀ ಗುಡ್ಡೆಯನ್ನು ಜೋಡಿಸುತ್ತಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ, ಹಾಗಲ್ಲ.

ಉಳಿದ ಪಾಲು ಒಳಗಿನ ಮಸೂರದ್ದು. ಹತ್ತಿರದ್ದನ್ನು ನೋಡುವಾಗ ಅದು ಉಬ್ಬುತ್ತದೆ. ವಯಸ್ಸಾದಂತೆ ಗಟ್ಟಿಯಾಗಿ ಉಬ್ಬದೆ ಹೋಗುವುದರಿಂದಲೇ ನಲವತ್ತು ದಾಟಿದ ಮೇಲೆ ಚಾಳೀಸು ಬರುವುದು. ಪಂಚೆಯನ್ನು ಇನ್ನಷ್ಟು ಹಿಂದಕ್ಕೆ ಎಳೆದರೆ ಚಿತ್ರ ಮಬ್ಬಾಗುತ್ತದಲ್ಲ, ಎಷ್ಟೋ ಮಕ್ಕಳಿಗೆ ಬೋರ್ಡ್ ಕಾಣದಿರುವುದಕ್ಕೂ ಅದೇ ಕಾರಣ, ಗುಡ್ಡೆ ಸ್ವಲ್ಪ ಉದ್ದ ಬೆಳೆದಿರುತ್ತದೆ.

ರಟ್ಟು ತೆಗೆಯುವಾಗ ಪಕ್ಕದಲ್ಲಿ ಕೂತವರ ಕಣ್ಣಿನ ಪಾಪೆಯನ್ನೇ ನೋಡುತ್ತಿರಿ. ನೀವು ರಟ್ಟಿನಲ್ಲಿ ಕೊರೆದ ತೂತಿನ ಕೆಲಸ ಅದರದ್ದು. ಬೆಳಕು ಬಿದ್ದ ಕೂಡಲೇ ಅಗಲವಾಗಿದ್ದ ಆ ಕಪ್ಪು ವೃತ್ತ ಸಣ್ಣ ಚುಕ್ಕಿಯಾಗಿಬಿಡುತ್ತದೆ.