ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಗಂಟೆಯ ಲೆಕ್ಕ ಮನೆಯಿಂದ ಮನೆಗೆ ಹಾಕಿ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬೇ ಏರಿಯಾಗೆ ಬಂದು ಮನೆ ಹೂಡಿದ ಒಂದೆರಡು ತಿಂಗಳಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಪ್ಪ ಅಮ್ಮನನ್ನು ಕರೆಸಬೇಕು, ಎಷ್ಟು ಗಂಟೆ ಪ್ರಯಾಣ?"

ಎರಡು ಊರಿನ ನಡುವೆ ನೇರ ದೂರ ಸುಮಾರು 14,000 ಕಿಲೋಮೀಟರ್. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರ ಧ್ರುವದ ಹತ್ತಿರಕ್ಕೇ ಜಾರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಆ ದಾರಿಯಲ್ಲೇ ಬೆಂಗಳೂರಿಗೆ ಬಂದಿಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್ ತಂಡ. ಹಿಡಿದದ್ದು ಸುಮಾರು 17 ಗಂಟೆ.

ನೇರ ವಿಮಾನ ಯಾವಾಗಲೂ ಸಿಗುತ್ತದೆ ಅಂತಿಲ್ಲ. ದುಬೈ ಮೇಲೆ ಬಂದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ. ಫ್ರಾಂಕ್‌ಫರ್ಟ್ ಮೇಲೆ ಬಂದರೆ ಹತ್ತು, ಆಮೇಲೆ ಹನ್ನೊಂದೂವರೆ. ಮಂಡಿ ನೋವಿರುವವರಿಗೆ ಈ ಎರಡನೆಯದೇ ವಾಸಿ. ಹೆಚ್ಚುಕಮ್ಮಿ ಅರ್ಧ ದಾರಿಯಲ್ಲೇ ಇಳಿದು ಕಾಲು ಆಡಿಸಬಹುದು.

ನಮ್ಮಮ್ಮ ದಾವಣಗೆರೆಯಿಂದ ಹೊರಟವರು. ದೇವನಹಳ್ಳಿ ಮುಟ್ಟಲು ಆರು ಗಂಟೆ, ಅಲ್ಲಿ ನಾಲ್ಕು ಗಂಟೆ ಕಾಯುವುದು, ಇಲ್ಲಿ ಇಮಿಗ್ರೇಶನ್ ಸಾಲು. ಎಲ್ಲ ಸೇರಿ ಒಂದೂವರೆ ದಿನ. ದುಡ್ಡು ಉಳಿಯುತ್ತದೆ ಅಂತ ನಾನು ನಡುವೆ ಬರೀ 70 ನಿಮಿಷ ಇರುವ ಟಿಕೆಟ್ ತೆಗೆದಿದ್ದೆ. ಮೊದಲ ವಿಮಾನ ತಡವಾಯಿತು, ಎರಡನೆಯದು ತಪ್ಪಿತು. ಭಾಷೆ ಬಾರದ ಊರಿನಲ್ಲಿ ಅವರು ರಾತ್ರಿಯಿಡೀ ಕುರ್ಚಿಯ ಮೇಲೆ ಕಳೆದರು. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟ. ದಯವಿಟ್ಟು ನಡುವೆ ಮೂರು ಗಂಟೆಯಾದರೂ ಇರಲಿ. ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ. ವೀಲ್‌ಚೇರ್ ಮೊದಲೇ ಹೇಳಿಡಿ, ಸಂಕೋಚ ಬೇಡ. ನ್ಯೂಯಾರ್ಕ್ ಅಥವಾ ಶಿಕಾಗೋದಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ, ಅಮೆರಿಕದಲ್ಲಿ ಮೊದಲು ಇಳಿದ ಕಡೆಯೇ ಇಮಿಗ್ರೇಶನ್, ಅಲ್ಲೇ ಸೂಟ್‌ಕೇಸ್ ಎತ್ತಿಕೊಂಡು ಮತ್ತೆ ಕೊಡಬೇಕು. ವಯಸ್ಸಾದವರಿಗೆ ಅದು ಬೇಡವೇ ಬೇಡ.

ಮುಂದಿನ ಸಲ ಅಮ್ಮನ ಕೈಗೆ ಒಂದು ಹಾಳೆ ಕೊಟ್ಟೆ. ಮೇಲೆ ಕನ್ನಡದಲ್ಲಿ "ನನ್ನ ಮುಂದಿನ ವಿಮಾನದ ಗೇಟ್ ಎಲ್ಲಿ?", ಅದರ ಕೆಳಗೇ ಇಂಗ್ಲಿಷಿನಲ್ಲಿ ಅದೇ ಮಾತು. ಅವರು ಬೆರಳಿಟ್ಟು ತೋರಿಸಿಕೊಂಡೇ ಬಂದುಬಿಟ್ಟರು.

ತಾರೀಖು ಜೋಪಾನ. ಟಿಕೆಟ್‌ನಲ್ಲಿ 12, ಬೆಳಗಿನ ಜಾವ 3 ಗಂಟೆ ಅಂತಿದ್ದರೆ 11ರ ರಾತ್ರಿಯೇ ಏರ್‌ಪೋರ್ಟಿನಲ್ಲಿರಬೇಕು. ಇಷ್ಟು ದೂರ ಬಂದರೂ ಇಲ್ಲಿ ಇಳಿಯುವುದು 12ರ ಮಧ್ಯಾಹ್ನವೇ. ಚಳಿಗಾಲದಲ್ಲಿ ನಾವು ಊರಿಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ.

ಹಸಿ ಕರಿಬೇವು ತರಿಸಬೇಡಿ, ತೆಗೆದು ಬಿಸಾಡುತ್ತಾರೆ. ಚಟ್ನಿಪುಡಿ ತರಬಹುದು, ಆದರೆ ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಲಿ.

ಬಂದ ಮೊದಲ ನಾಲ್ಕೈದು ದಿನ ಅವರು ನಡುರಾತ್ರಿ 2ಕ್ಕೆ ಎದ್ದು ಕತ್ತಲಲ್ಲಿ ಸುಮ್ನೆ ಕೂತಿರುತ್ತಾರೆ. ಚಳಿಗಾಲವಾದರೆ ಊರಲ್ಲಿ ಆಗ ಮಧ್ಯಾಹ್ನ ಮೂರೂವರೆ, ಕಾಫಿ ಹೊತ್ತು ಅಲ್ವಾ? ಅಡುಗೆಮನೆಯ ದೀಪ ಹಾಕಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಮಲಗಿ.