ಹೊಸಬರಿಗೆ ಮಾರ್ಗದರ್ಶಿ: ಕ್ರೆಡಿಟ್ ಕಾರ್ಡಿಗೆ ‘ಸುಮ್ನೆ ಚೆಕ್ ಮಾಡೋ’ ಮುಂಚೆ

ರೈಲ್ವೆ ವರ್ಗಾವಣೆ, ಹೈಕೋರ್ಟ್ ಪೀಠ, ಐಐಟಿ, ಕೃಷಿ ವಿಶ್ವವಿದ್ಯಾಲಯ, ಬೇಲೂರು ಕೈಗಾರಿಕಾ ಪ್ರದೇಶದ ಕೆಲಸ. ಯಾವ ಕಾರಣಕ್ಕೆ ಹುಬ್ಬಳ್ಳಿ-ಧಾರವಾಡಕ್ಕೆ ಬಂದಿದ್ದರೂ ಮೊದಲ ಕೆಲವು ತಿಂಗಳು ರೊಕ್ಕ ನೀರಿನಂತೆ ಹೋಗುತ್ತದೆ. ಮನೆ ಅಡ್ವಾನ್ಸ್, ಶಾಲೆ ಫೀ, ಫ್ರಿಜ್, ಮಂಚ. ಗೋಕುಲ ರೋಡಿನ ಯಾವುದೋ ಅಂಗಡಿಯಲ್ಲಿ ವಾಷಿಂಗ್ ಮಷೀನ್ ನೋಡುತ್ತಿರುತ್ತೀರಿ, ಟ್ಯಾಬ್ ಹಿಡಿದ ಹುಡುಗ ಬಂದು ನಿಲ್ಲುತ್ತಾನೆ. “ಸರ್, ಕಾರ್ಡ್ ಸಿಗ್ತದೋ ಇಲ್ಲೋ ಸುಮ್ನೆ ಚೆಕ್ ಮಾಡ್ರಿ. ಸಿಬಿಲ್‌ಗೆ ಏನೂ ಆಗಂಗಿಲ್ಲ.”

ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಇದನ್ನು ಮತ್ತೆ ಮತ್ತೆ ಕೇಳುತ್ತವೆ: ಹೀಗೆ ಚೆಕ್ ಮಾಡಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಅಂಕ, ಇಳಿಯುತ್ತದೆಯೇ? ಬರೀ ಅರ್ಹತೆ ನೋಡುವುದರಿಂದ ಇಳಿಯುವುದಿಲ್ಲ. ಆದರೆ ಮುಂದೆ ಯಾವ ಬ್ಯಾಂಕ್, ಯಾವ ಫೈನಾನ್ಸ್ ಕಂಪನಿ, ಯಾವ ಆಫರ್ ಹಿಡಿದು ನಿಮ್ಮ ಬೆನ್ನು ಹತ್ತುತ್ತದೆ ಅನ್ನುವುದು ಆ ಒಂದು ನಿಮಿಷದಲ್ಲಿ ತುಂಬಿದ ಫಾರಂನಿಂದಲೇ ಶುರುವಾಗಬಹುದು. ನಮಗೆ ಸ್ಕೋರಿಗಿಂತ ಇದರದೇ ಜಾಸ್ತಿ ಚಿಂತೆ.

ಮೊದಲು ಸ್ಕೋರಿನ ವಿಷಯ ಮುಗಿಸೋಣ. ನಮ್ಮ ದೇಶದಲ್ಲಿ ಸಾಲದ ಲೆಕ್ಕ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಈ ಕಂಪನಿಗಳಲ್ಲಿರುವ ನಿಮ್ಮ ಸಾಲದ ವರದಿ (ಕ್ರೆಡಿಟ್ ವರದಿ) ನೀವೇ ನೋಡಿಕೊಂಡರೆ ಸ್ಕೋರಿಗೆ ಏನೂ ಆಗುವುದಿಲ್ಲ. ಅರ್ಹತೆ ನೋಡುವಾಗ ಬ್ಯಾಂಕ್ ಮಾಡುವ ಮೇಲುಮೇಲಿನ ಪರಿಶೀಲನೆ ಸಾಫ್ಟ್ ಚೆಕ್. ಅದು ಬೇರೆ ಬ್ಯಾಂಕುಗಳಿಗೆ ಕಾಣುವುದಿಲ್ಲ. ಆದರೆ ‘ಅಪ್ಲೈ’ ಒತ್ತಿದಿರೋ, ಅದು ಹಾರ್ಡ್ ಎನ್‌ಕ್ವೈರಿ, ಅಂದರೆ ಅರ್ಜಿಗಾಗಿ ಬ್ಯಾಂಕ್ ಮಾಡುವ ಪೂರ್ತಿ ಪರಿಶೀಲನೆ. ವರದಿಯ ಎನ್‌ಕ್ವೈರಿ ಭಾಗದಲ್ಲಿ ಒಂದು ಸಾಲು ಸೇರುತ್ತದೆ: ಬ್ಯಾಂಕಿನ ಹೆಸರು, ತಾರೀಖು, ಯಾವುದಕ್ಕೆ, ಎಷ್ಟು ಮೊತ್ತ. ಎರಡು ತಿಂಗಳಲ್ಲಿ ಇಂಥ ನಾಲ್ಕೈದು ಸಾಲು ಇದ್ದರೆ, ನಾಳೆ ನವನಗರದಲ್ಲೋ ಸಪ್ತಾಪುರದಲ್ಲೋ ಮನೆ ಕೊಳ್ಳಲು ಸಾಲ ಕೇಳಿದಾಗ ಬ್ಯಾಂಕಿನವರು “ಇಷ್ಟು ಕಡೆ ಯಾಕೆ ಕೇಳಿದ್ರಿ?” ಅನ್ನುತ್ತಾರೆ. ತೊಂದರೆ ಏನೆಂದರೆ ಚೆಕ್ ಮತ್ತು ಅಪ್ಲೈ ಒಂದೇ ಟ್ಯಾಬಿನಲ್ಲಿ, ಒಂದರ ಹಿಂದೊಂದು ಪುಟದಲ್ಲಿ ಇರುತ್ತವೆ. ಬಟನ್ನಿನ ಬಣ್ಣವೂ ಒಂದೇ. ಅವಸರದಲ್ಲಿ ಎರಡನೆಯದನ್ನೂ ಒತ್ತಿಬಿಡುವುದು ಸಹಜ. ಒಟಿಪಿ ಹೇಳುವ ಮುಂಚೆ, ಅದು ಯಾವುದಕ್ಕೆ ಬಂದ ಒಟಿಪಿ ಎಂದು ಮೆಸೇಜನ್ನು ಪೂರ್ತಿ ಓದಿ. ಫೋನನ್ನು ಆ ಹುಡುಗನ ಕೈಗೆ ಕೊಡಬೇಡಿ.

ಈಗ ಫಾರಂ. ಹೆಸರು, ಮೊಬೈಲ್, ಪ್ಯಾನ್, ಪಿನ್‌ಕೋಡ್, ಕಂಪನಿ ಹೆಸರು, ತಿಂಗಳ ಸಂಬಳ. ಕೆಳಗೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಅದರ ಪಕ್ಕದಲ್ಲಿ ಎಷ್ಟೋ ಸಲ ಮೊದಲೇ ಟಿಕ್ ಆಗಿರುವ ಡಬ್ಬಿ. ಆ ವಾಕ್ಯದ ಸಾರ ಇಷ್ಟು: ನನ್ನ ನಂಬರ್ ಡಿಎನ್‌ಡಿಯಲ್ಲಿ (ಪ್ರಚಾರದ ಕರೆ ಬೇಡ ಎಂದವರ ಪಟ್ಟಿಯಲ್ಲಿ) ಇದ್ದರೂ ಈ ಕಂಪನಿ ಮತ್ತು ಅದರ ಪಾಲುದಾರರು ನನಗೆ ಕರೆ, ಮೆಸೇಜ್, ವಾಟ್ಸ್ಆ್ಯಪ್ ಮಾಡಬಹುದು, ನನ್ನ ಕ್ರೆಡಿಟ್ ವರದಿ ನೋಡಬಹುದು. ಪಾಲುದಾರರು ಎಂದರೆ ಯಾರು? ಹತ್ತಾರು ಬ್ಯಾಂಕುಗಳ ಕಾರ್ಡ್ ಒಟ್ಟಿಗೆ ತೋರಿಸುವ ಜಾಲತಾಣವಾದರೆ ಆ ಪಟ್ಟಿ ಉದ್ದ ಇರುತ್ತದೆ.

ಅಲ್ಲಿಂದ ಮುಂದಿನದು ಹೀಗೆ ನಡೆಯುತ್ತದೆ. ನಿಮಗೆ ಸಾಲ ಬೇಕಾಗಿದೆ ಅನ್ನುವುದು ಗೊತ್ತಾಯಿತು. ಸಂಬಳ ಎಷ್ಟು, ಊರು ಯಾವುದು, ಕೆಲಸ ಎಂಥದ್ದು ಗೊತ್ತಾಯಿತು. ಕಾರ್ಡಿಗೆ ಅರ್ಹತೆ ಬರದಿದ್ದರೆ ಅದೇ ಮಾಹಿತಿಯ ಮೇಲೆ ಪರ್ಸನಲ್ ಲೋನ್ ಆಫರ್ ಬರುತ್ತದೆ, ಕೆಲವೊಮ್ಮೆ ಬಡ್ಡಿ ಜಾಸ್ತಿ ಇರುವ ಆ್ಯಪ್‌ಗಳಿಂದ. ಹೊಸ ಊರಲ್ಲಿ ಕೈ ಖಾಲಿ ಇರುವ ಹೊತ್ತಿಗೆ ಸರಿಯಾಗಿ ಬರುವ ಇಂಥ ಕರೆಗಳಿಗೆ ಒಳ್ಳೆಯ ಸಂಬಳದವರೂ ಹೂಂ ಅಂದುಬಿಡುತ್ತಾರೆ. ಫಾರಂನಲ್ಲಿ ಸಂಬಳವನ್ನು ಏರಿಸಿ ಬರೆಯುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಅಂಕಿ ನಂಬಿ ದೊಡ್ಡ ಲಿಮಿಟ್ ತೋರಿಸುತ್ತಾರೆ, ಆಮೇಲೆ ಸ್ಯಾಲರಿ ಸ್ಲಿಪ್ ನೋಡಿ ಅರ್ಜಿ ತಿರಸ್ಕರಿಸುತ್ತಾರೆ. ತಿರಸ್ಕಾರದ ಜೊತೆ ಹಾರ್ಡ್ ಎನ್‌ಕ್ವೈರಿಯೂ ಉಳಿಯುತ್ತದೆ, ಅದೇ ಬ್ಯಾಂಕಿಗೆ ಮತ್ತೆ ಅರ್ಜಿ ಹಾಕಲು ಕೆಲವು ತಿಂಗಳು ಕಾಯಬೇಕಾಗಬಹುದು.

ಚೆಕ್ ಮಾಡುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಐದು ಕಡೆ ಅರ್ಜಿ ಹಾಕುವುದಕ್ಕಿಂತ ಒಂದು ಕಡೆ ಅರ್ಹತೆ ನೋಡುವುದು ಎಷ್ಟೋ ಮೇಲು. ಆದರೆ ಅದಕ್ಕೂ ಮೊದಲು ನಿಮ್ಮ ವರದಿ ತರಿಸಿಕೊಳ್ಳಿ. ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು, ಇದು ಆರ್‌ಬಿಐ ನಿಯಮ. ಜಾಲತಾಣದಲ್ಲಿ ದುಡ್ಡಿನ ಪ್ಲಾನ್ ಮೊದಲು ಕಣ್ಣಿಗೆ ಬಿದ್ದರೆ ಅದನ್ನು ಬಿಟ್ಟು ಉಚಿತ ವಾರ್ಷಿಕ ವರದಿಯ ಲಿಂಕ್ ಹುಡುಕಿ. ವರದಿಯಲ್ಲಿ ಹಳೆಯ ಊರಿನ ವಿಳಾಸ, ತೀರಿಸಿದರೂ ಬಾಕಿ ಎಂದೇ ತೋರಿಸುವ ಸಾಲ, ನಿಮ್ಮದಲ್ಲದ ಖಾತೆ ಇವನ್ನೆಲ್ಲ ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ಆರ್‌ಬಿಐ 2023ರಲ್ಲಿ ಹೇಳಿದೆ. 2025ರ ಜನವರಿಯಿಂದ ಬ್ಯಾಂಕುಗಳು ಈ ಕಂಪನಿಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ, ತೀರಿಸಿದ ಸಾಲ ಮೊದಲಿಗಿಂತ ಬೇಗ ವರದಿಯಲ್ಲಿ ಕಾಣಬೇಕು.

ಆಮೇಲೆ ನಿಮ್ಮ ಸಂಬಳ ಬೀಳುವ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ಅಲ್ಲಿ ‘ಪ್ರೀ-ಅಪ್ರೂವ್ಡ್’ ಕಾರ್ಡ್ ಇದ್ದರೆ ಅದು ನಿಮ್ಮ ಖಾತೆಯ ವ್ಯವಹಾರ ನೋಡಿಯೇ ಕೊಟ್ಟ ಆಫರ್. ಹೊಸದಾಗಿ ಯಾರಿಗೂ ನಂಬರ್ ಕೊಡುವ ಅಗತ್ಯವಿಲ್ಲ. ಅದೂ ಪಕ್ಕಾ ಭರವಸೆಯಲ್ಲ, ಕೊನೆಯ ಪರಿಶೀಲನೆ ಇದ್ದೇ ಇರುತ್ತದೆ. ಅರ್ಹತೆ ನೋಡುವ ಮುಂಚೆ ಬ್ಯಾಂಕಿನಲ್ಲಿ ಈ ಊರಿನ ವಿಳಾಸ ಕೊಟ್ಟಿರಿ. ಎಷ್ಟೋ ಕಾರ್ಡುಗಳನ್ನು ಪಿನ್‌ಕೋಡ್ ನೋಡಿಯೇ ಕೊಡುತ್ತಾರೆ. ಗದಗ, ಹಾವೇರಿ ಕಡೆಯ ಹಳ್ಳಿಯ ವಿಳಾಸ ಹಾಗೇ ಉಳಿದಿದ್ದರೆ ಹುಬ್ಬಳ್ಳಿಯಲ್ಲಿ ಸಿಗುವ ಕಾರ್ಡೂ ನಿಮಗೆ ಕಾಣದೇ ಹೋಗಬಹುದು.

ಹಿಂದೆಂದೂ ಸಾಲವನ್ನೇ ಮಾಡದವರಿಗೆ ಸ್ಕೋರ್ ಇರುವುದಿಲ್ಲ, ವರದಿಯಲ್ಲಿ ಮೈನಸ್ 1 ಎಂದು ಬರಬಹುದು. ಅದು ಕೆಟ್ಟ ಸ್ಕೋರ್ ಅಲ್ಲ. ಇಂಥವರು ಹತ್ತು ಕಡೆ ಚೆಕ್ ಮಾಡಿ ಹತ್ತೂ ಕಡೆ ‘ಇಲ್ಲ’ ಅನ್ನಿಸಿಕೊಳ್ಳುವ ಬದಲು, ಸಣ್ಣ ಎಫ್‌ಡಿ ಇಟ್ಟು ಅದರ ಮೇಲೆ ಕೊಡುವ ಕಾರ್ಡ್ ಕೇಳುವುದು ಒಳ್ಳೆಯದು. ಸಮಯಕ್ಕೆ ಸರಿಯಾಗಿ ಪೂರ್ತಿ ಬಿಲ್ ಕಟ್ಟುತ್ತ ಹೋದರೆ ಸ್ಕೋರ್ ತಾನಾಗಿ ಬೆಳೆಯುತ್ತದೆ. ಕನಿಷ್ಠ ಮೊತ್ತ ಮಾತ್ರ ಕಟ್ಟಿ ಉಳಿದದ್ದನ್ನು ಮುಂದೂಡಿದರೆ ಬಡ್ಡಿ ಎಷ್ಟೋ ಕಾರ್ಡುಗಳಲ್ಲಿ ವರ್ಷಕ್ಕೆ ಶೇ 40 ದಾಟುತ್ತದೆ.

ಈಗಾಗಲೇ ಚೆಕ್ ಮಾಡಿಬಿಟ್ಟು ಕರೆಗಳ ಕಾಟ ಶುರುವಾಗಿದೆಯೇ? 1909ಕ್ಕೆ ಕರೆ ಮಾಡಿ ಬ್ಯಾಂಕ್ ಮತ್ತು ಹಣಕಾಸಿನ ಪ್ರಚಾರದ ಕರೆಗಳನ್ನು ನಿಲ್ಲಿಸಬಹುದು. ಆದರೆ ನೀವು ಟಿಕ್ ಮಾಡಿ ಒಪ್ಪಿಗೆ ಕೊಟ್ಟ ಕಂಪನಿಗೆ ಡಿಎನ್‌ಡಿ ತಡೆಯಾಗುವುದಿಲ್ಲ. ಆ ಜಾಲತಾಣಕ್ಕೇ ಹೋಗಿ ಒಪ್ಪಿಗೆ ವಾಪಸ್ ಪಡೆಯಬೇಕು, ಇಮೇಲ್ ಮೂಲಕವಾದರೆ ಪುರಾವೆಯೂ ಉಳಿಯುತ್ತದೆ. ಬ್ಯಾಂಕಿನ ಪ್ರಚಾರದ ಕರೆ ಬರಬೇಕಾದ್ದು 140ರಿಂದ ಶುರುವಾಗುವ ನಂಬರಿನಿಂದ. ಸಾಮಾನ್ಯ ಮೊಬೈಲ್ ನಂಬರಿನಿಂದ ಕರೆ ಮಾಡಿ “ನಿಮ್ಮ ಕಾರ್ಡ್ ಅಪ್ರೂವ್ ಆಗಿದೆ, ಒಟಿಪಿ ಹೇಳಿ” ಅಂದರೆ ತಕ್ಷಣ ಇಟ್ಟುಬಿಡಿ. ಯಾವುದಾದರೂ ಬ್ಯಾಂಕ್ ನಿಮ್ಮ ವರದಿ ತೆರೆದರೆ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕೆಂಬ ನಿಯಮವೂ ಇದೆ. ನಿಮ್ಮ ಹಳೆಯ ನಂಬರ್ ಬದಲಾಗಿದ್ದರೆ ಬ್ಯಾಂಕಿನಲ್ಲಿ ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಈ ಎಚ್ಚರಿಕೆ ಬೇರೆಯವರ ಫೋನಿಗೆ ಹೋಗುತ್ತದೆ.

ಬರೀ ಚೆಕ್ ಮಾಡಿದ್ದಕ್ಕೆ ಕಾರ್ಡೇ ಮನೆಗೆ ಬಂದರೆ ಹೆದರಬೇಡಿ. ಕೇಳದೆ ಕಾರ್ಡ್ ಕಳಿಸುವುದನ್ನು ಆರ್‌ಬಿಐ 2022ರ ನಿರ್ದೇಶನದಲ್ಲಿ ನಿಷೇಧಿಸಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಚಾಲೂ ಮಾಡಿ ಶುಲ್ಕ ಹಾಕಿದರೆ, ಬ್ಯಾಂಕ್ ಆ ಶುಲ್ಕವನ್ನು ರದ್ದು ಮಾಡಿ ಅದರ ಎರಡರಷ್ಟನ್ನು ದಂಡವಾಗಿ ನಿಮಗೆ ಕೊಡಬೇಕು. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಿಬಿಲ್‌ನಂಥ ಕಂಪನಿಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರ್‌ನಿಂದ ಅಲ್ಲಿ ತೆಗೆದುಕೊಳ್ಳುತ್ತಾರೆ. ಹೇಗೆ ಬರೆಯಬೇಕು ಎಂದು ತಿಳಿಯದಿದ್ದರೆ ಆರ್‌ಬಿಐನ 14448 ನಂಬರಿಗೆ ಕರೆ ಮಾಡಿ, ಕನ್ನಡದಲ್ಲೇ ಕೇಳಬಹುದು.